ಅಂಗಡಿಗೆ ಎರಡನೆಯ ಕೈ

ನಮ್ಮೂರಿನಲ್ಲಿ ಔಷಧದ ಕಹಿ ಕುಡಿದವರಿಗಲ್ಲ, ಕೊಟ್ಟವರಿಗೆ. ಅಂಗಡಿಯ ಕಟ್ಟೆ ದಾಟಿ ಮಾತ್ರೆಯೋ ಕಷಾಯವೋ ಯಾರ ಕೈಯಿಂದ ಹೊರಗೆ ಹೋಗುತ್ತದೋ ಅವರ ನಾಲಿಗೆಯ ಮೇಲೆ ಕಹಿ ಬಂದು ಕೂರುತ್ತದೆ. ಒಮ್ಮೆ ಕೂತರೆ ಎರಡು ಮೂರು ದಿನ ಏಳುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಜ್ವರದ ಔಷಧವನ್ನು ಪಾನಕದ ಹಾಗೆ ಕುಡಿದು ಲೋಟದ ತಳವನ್ನೂ ನೆಕ್ಕುತ್ತಾರೆ, ಮುದುಕರು ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡೇ ಹರಟೆ ಹೊಡೆಯುತ್ತಾರೆ. ಬೇರೆ ಊರುಗಳಲ್ಲಿ ಹೇಗೋ ಗೊತ್ತಿಲ್ಲ. ನಾನು ಬೇರೆ ಊರುಗಳನ್ನು ಕಂಡದ್ದು ಅಜ್ಜಿಯ ಕಥೆಗಳಲ್ಲಿ ಮಾತ್ರ. ಅಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಏನಾದರೂ ಆದರೆ ನೇರವಾಗಿ ಕಲ್ಲಾಗಿಬಿಡುತ್ತಾರೆ.

ಕೊಳದ ಬೀದಿಯ ಔಷಧದಂಗಡಿ ಸರ್ವಮಂಗಳಕ್ಕನದು. ಊರಿಗೆಲ್ಲ ಅವರು ಅಕ್ಕ, ಹಾಗಾಗಿ ಅವರ ಗಂಡ ಹಾಲಪ್ಪನವರು ಊರಿಗೆಲ್ಲ ಭಾವ. ಅಂಗಡಿಯ ಗೋಡೆಯ ಮೇಲೆ ಅಕ್ಕನ ಬಲಗೈ ಗುರುತು ಚೌಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಔಷಧ ಮಂಡಳಿಯವರು ಮೊಹರು ಒತ್ತಿ ಕೊಟ್ಟದ್ದು. ಹಳೆಯ ಕಾನೂನು ಬಿಗಿಯಾಗಿತ್ತು. ಒಂದು ಅಂಗಡಿಗೆ ಒಂದೇ ಕೈ. ಅಂಗಡಿ ಒಂದು ದಿನವೂ ಮುಚ್ಚುವಂತಿಲ್ಲ, ಆ ಕೈ ಬಿಟ್ಟು ಬೇರೆ ಕೈ ಕೊಡುವಂತಿಲ್ಲ, ಕೊಡುವಾಗ ಮಾತಾಡುವಂತಿಲ್ಲ. ಮಾತಿನಲ್ಲಿ ಕಹಿ ಗೊತ್ತಾಗಿ ರೋಗಿಯ ಧೈರ್ಯ ಕುಗ್ಗುತ್ತದೆ ಎಂದು ಮಂಡಳಿಯ ಹಿರಿಯರ ಎಣಿಕೆ. ಆದ್ದರಿಂದಲೇ ಆಗಿನ ಪರೀಕ್ಷೆಯಲ್ಲಿ ಹೆಚ್ಚು ಅಂಕ ಇದ್ದದ್ದು ಮುಖ ಹಿಡಿಯುವುದಕ್ಕೆ. ಅಧಿಕಾರಿಯ ಕೈಗೆ ಅತಿ ಕಹಿಯಾದ ಪುಡಿಯೊಂದನ್ನು ಕೊಟ್ಟು, ಹುಬ್ಬು ಅಲುಗದೆ, ತುಟಿ ಸೊಟ್ಟಗಾಗದೆ ನಿಂತಿರಬೇಕಿತ್ತು. ಸರ್ವಮಂಗಳಕ್ಕನಷ್ಟು ಚೆನ್ನಾಗಿ ಮುಖ ಹಿಡಿದವರು ಇಡೀ ಸೀಮೆಯಲ್ಲಿಲ್ಲ. ಅವರನ್ನು ನೋಡಿದರೆ ಯಾವುದೋ ನೆಮ್ಮದಿಯ ಸುದ್ದಿ ಕೇಳಿ ಬಂದ ಹಾಗಿರುತ್ತಿತ್ತು.

ಅಡುಗೆ ಬಾರದವರು ಔಷಧದಂಗಡಿಯವರನ್ನು ಮದುವೆಯಾಗಲಿ ಎಂದು ನಮ್ಮೂರಲ್ಲಿ ತಮಾಷೆ ಮಾಡುವುದುಂಟು. ಅಕ್ಕನ ತಾಯಿ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ದೊಡ್ಡ ಕೈ. ಅವರ ಸಾರಿನ ವಾಸನೆಗೆ ದಿಬ್ಬಣ ದಾರಿ ತಪ್ಪದೆ ಬರುತ್ತಿತ್ತಂತೆ. ಅಂಥವರ ಮಗಳು ಮದುವೆಯಾದ ವರ್ಷವೇ ಮಂಡಳಿಗೆ ಕೈ ಗುರುತು ಕೊಟ್ಟು ರುಚಿ ಕಳೆದುಕೊಂಡರು. ಅಂದಿನಿಂದ ಮನೆಯ ಅಡುಗೆ ಹಾಲಪ್ಪ ಭಾವನದು. ಅವರು ಮನೆಯಲ್ಲೇ ಹಾಸಿಗೆ ಹೊಲಿಯುವವರು. ಹತ್ತಿ ಹಿಂಜುತ್ತ, ನಡುವೆ ಎದ್ದುಹೋಗಿ ಒಲೆ ನೋಡುತ್ತ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡು ಅಂಗಡಿಗೆ ಬರುತ್ತಿದ್ದರು. ಅಕ್ಕ ಒಳಗೆ ಕೂತು ಉಂಡು, ಕೈ ತೊಳೆದು, ದಿನವೂ ಅದೇ ಮಾತು ಹೇಳುತ್ತಿದ್ದರು: "ಚೆನ್ನಾಗೈತೆ ಕಣ್ರೀ." ಭಾವ ಖಾಲಿ ಬುತ್ತಿ ಎತ್ತಿಕೊಂಡು ಹೋಗುತ್ತಿದ್ದರು. ಔಷಧದಂಗಡಿಯವರ ಮನೆಯಲ್ಲಿ ಬೇರೆಯವರು ಊಟಕ್ಕೆ ಕೂರುವ ರೂಢಿ ಇಲ್ಲವಾದ್ದರಿಂದ ಆ ಅಡುಗೆ ಹೇಗಿದೆಯೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಆ ಅಂಗಡಿಯ ಒಳಗಿನ ಕೆಲಸದವಳು. ಶಾಲೆ ಮುಗಿಸಿದ ಮೇಲೆ ಸೇರಿದವಳು, ಸೀಸೆ ಒರೆಸುವುದರಿಂದ ಹಿಡಿದು ಚೀಟಿ ಓದಿ ಮಾತ್ರೆ ಕಟ್ಟಿ ಅಕ್ಕನ ಮುಂದಿಡುವವರೆಗೆ ಎಲ್ಲ ಕಲಿತಿದ್ದೆ. ಕಟ್ಟೆಯವರೆಗೆ ನನ್ನ ಕೆಲಸ, ಕಟ್ಟೆಯಿಂದ ಆಚೆಗೆ ಅಕ್ಕನ ಕೈ. ಕೆಲಸವಿಲ್ಲದಾಗ ನಾನು ಸೀಸೆಗಳ ಬಣ್ಣ ನೋಡುತ್ತ ಕೂತುಬಿಡುತ್ತಿದ್ದೆ. ಹಸಿರು ಸೀಸೆಯೊಳಗೆ ಒಬ್ಬ ರಾಜಕುಮಾರಿ ಮುಳುಗಿ ಮಲಗಿದ್ದಾಳೆ, ಕಂದು ಸೀಸೆಯೊಳಗೆ ಅವಳ ಸಿಡುಕಿನ ಮಲತಾಯಿ. "ಕುಮುದಾ, ಮತ್ತೆ ಯಾವ ದೇಶಕ್ಕೆ ಹೋದ್ಯೇ? ಇಳಿದು ಬಾ, ಕೆಮ್ಮಿನ ಔಷಧ ಕೇಳ್ತಾ ಅವ್ರೆ," ಎಂದು ಅಕ್ಕ ಕರೆದಾಗಲೇ ನನಗೆ ಎಚ್ಚರ.

ಚಳಿಗಾಲ ಮುಗಿಯುವ ಹೊತ್ತಿಗೆ ಮಂಡಳಿಯಿಂದ ಹೊಸ ನಿಯಮ ಬಂತು. ಇನ್ನು ಮೇಲೆ ಪ್ರತಿ ಅಂಗಡಿಗೂ ನೋಂದಾಯಿಸಿದ ಕೈಗಳು ಎರಡು. ಒಂದು ವಾರ ಒಂದು ಕೈ, ಮರುವಾರ ಇನ್ನೊಂದು. ಕೊಡುವವರು ಸುಮ್ಮನೆ ಕೊಡುವಂತಿಲ್ಲ, ಯಾವ ಹೊತ್ತಿಗೆ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ ಎಂದು ಬಾಯಿ ಬಿಟ್ಟು ಹೇಳಲೇಬೇಕು. ಯುಗಾದಿಯೊಳಗೆ ಎರಡನೆಯ ಕೈ ಸಿಗದ ಅಂಗಡಿಗೆ ಮಂಡಳಿಯೇ ತನಗೆ ತೋಚಿದವರನ್ನು ಕಳಿಸುತ್ತದೆ, ಆದರೆ ಅದಕ್ಕೆ ವರ್ಷ ಹಿಡಿದರೂ ಹಿಡಿಯಬಹುದು.

ಅಕ್ಕ ಅದನ್ನು ನಿಂತೇ ಓದಿದರು, ಆಮೇಲೆ ಕೂತರು. ಮುಖ ಎಂದಿನಂತೆ ನೆಮ್ಮದಿಯಾಗಿಯೇ ಇತ್ತು, ಆದರೆ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು.

"ಅಂದ್ರೆ ನನ್ನ ವಾರ ಅಲ್ಲದಾಗ ನನ್ನ ನಾಲಿಗೆ ನಂದೇ," ಎಂದರು. "ಮಾವಿನಕಾಯಿ ಬಂದಾವೇನೆ ಸಂತೆಗೆ? ಉಪ್ಪು ಖಾರ ಹಚ್ಚಿ ತಿಂದು ಎಷ್ಟು ಕಾಲ ಆತೋ. ನೀನೇ ಪರೀಕ್ಷೆ ಕಟ್ಟು. ನಿಂಗೆ ಎಲ್ಲಾ ಬರ್ತೈತೆ, ಮುಖ ಒಂದು ಬಿಟ್ಟು."

ನನಗೆ ಸಂತೋಷದಿಂದ ಕಿವಿ ಬಿಸಿಯಾಯಿತು. ಗೋಡೆಯ ಮೇಲೆ ನನ್ನ ಕೈ! ಆ ಸಂಜೆ ಅಜ್ಜಿಗೆ ಹೇಳಿದರೆ ಅವಳು ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿ, "ಇಷ್ಟು ಸಣ್ಣ ಕೈಗೆ ದೊಡ್ಡ ಚೌಕಟ್ಟೇ ಬೇಕು," ಎಂದು ನಕ್ಕಳು.

ಮರುದಿನ ಹಾಲಪ್ಪ ಭಾವ ಹೇಳಿ ಕಳಿಸಿದರು. ಹೋದರೆ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿಟ್ಟು, ಹತ್ತಿಯ ಗುಡ್ಡೆಯ ನಡುವೆ ಮೋಡದಲ್ಲಿ ಕೂತ ದೇವರ ಹಾಗೆ ಕೂತಿದ್ದರು. ಮೀಸೆಯ ಮೇಲೂ ಹತ್ತಿ.

"ಕುಮುದವ್ವಾ, ಒಂದು ಮಾತು ನಡೆಸಿಕೊಡ್ತೀಯಾ?"

"ಹೇಳಿ ಭಾವ."

"ನೀನು ಪರೀಕ್ಷೇಲಿ ಫೇಲಾಗಿಬಿಡು ತಾಯಿ."

ನಾನು ನಕ್ಕೆ. ಅವರು ನಗಲಿಲ್ಲ.

"ತಮಾಷೆ ಅಲ್ಲ ಕಣವ್ವಾ. ನೀನು ಪಾಸಾದ್ರೆ ನಿಮ್ಮಕ್ಕನ ನಾಲಿಗೆ ವಾಪಸ್ ಬರ್ತೈತೆ. ಬಂದ ದಿನ ನನ್ನ ಅಡುಗೆ ಬಾಯಿಗೆ ಇಡ್ತಾಳೆ. ಅವಳು ಎಂಥಾ ಕೈ ಅಡುಗೆ ಉಂಡು ಬೆಳೆದೋಳು ಗೊತ್ತಲ್ಲ? ನಮ್ಮತ್ತೆ ಒಗ್ಗರಣೆ ಹಾಕಿದ್ರೆ ಬೀದಿ ತುದೀಲಿ ಸೀನು ಬರ್ತಿತ್ತು. ನಾನು ಮಾಡೋದು ಏನು? ಉಪ್ಪಿಲ್ಲ, ಹುಳಿ ಇಲ್ಲ, ಖಾರ ಇಲ್ಲ. ಮೊದಮೊದಲು ಹಾಕ್ತಿದ್ದೆ. ಕಹಿ ನಾಲಿಗೆ ಮೇಲೆ ಉಪ್ಪು ಬಿದ್ರೆ ಕುಟುಕ್ದಂಗೆ ಆಗ್ತೈತೆ ಅಂತ ಅವಳ ಕಣ್ಣಲ್ಲಿ ಗೊತ್ತಾಗೋದು, ಬಾಯಲ್ಲಿ ಹೇಳ್ತಿರಲಿಲ್ಲ. ಒಂದೊಂದೇ ಬಿಟ್ಟೆ. ಈಗ ಹಾಕೋದೇ ಮರೆತು ಹೋಗೈತೆ."

"ಆದ್ರೆ ಅಕ್ಕ ದಿನಾ ಚೆನ್ನಾಗೈತೆ ಅಂತಾರಲ್ಲ ಭಾವ."

"ಅದೇ ಕಣವ್ವಾ." ಅವರು ಮೀಸೆಯ ಹತ್ತಿ ತೆಗೆದು ಬೆರಳಲ್ಲಿ ಹೊಸೆಯತೊಡಗಿದರು. "ಅವಳ ಮುಖ ನೋಡಿ ಏನು ತಿಳೀತೈತೆ? ಮಂಡಳಿಯೋರೇ ಸೋತು ಅಂಕ ಕೊಟ್ಟ ಮುಖ. ಅವಳು ಚೆನ್ನಾಗೈತೆ ಅಂದಿದ್ದು ನಿಜಾನೋ, ನನ್ನ ಮನಸ್ಸು ನೋಯಿಸಬಾರದು ಅಂತಾನೋ, ನಂಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ. ಹಿಂಗೇ ಇದ್ದುಬಿಡಾನ. ಆ ಒಂದು ಮಾತಿನ ಮೇಲೆ ದಿನ ದೂಡಿದೋನು ನಾನು."

ಅವರ ಕಣ್ಣಲ್ಲಿ ನೀರು ಬಂದ ಹಾಗಿತ್ತು. ಹತ್ತಿಯ ಧೂಳು ಎಂದುಕೊಂಡೆ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಬಾಲ್ಯದಿಂದ ಕಥೆಗೆ ಹೂಂಗುಟ್ಟಿ ಅಭ್ಯಾಸವಾದವಳಿಗೆ ಸುಮ್ಮನೆ ಬರುವುದೇ ಕಷ್ಟವಾಯಿತು.

ಅಂಗಡಿಗೆ ಹೋದರೆ ಅಕ್ಕ ಒಬ್ಬರೇ ಕೂತು ತಮ್ಮಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದರು. ಕಿವಿಗೊಟ್ಟೆ. "ಹುಣಸೆ ತೊಕ್ಕು. ಹಸಿಮೆಣಸಿನಕಾಯಿ ಬಜ್ಜಿ. ಬೆಲ್ಲದ ಪಾಕ." ಹುಡುಗಿ ಲಗ್ನಕ್ಕೆ ಸೀರೆಗಳ ಹೆಸರು ಹೇಳಿಕೊಂಡ ಹಾಗೆ. ಆಗ ನನಗೆ ತೀರ್ಮಾನವಾಯಿತು. ಫೇಲಾಗುವುದು ಆಗದ ಮಾತು. ಭಾವನಿಗೆ ಅಡುಗೆ ಕಲಿಸುವುದು ಆಗಬಹುದು.

ಅಜ್ಜಿ ಒಪ್ಪಿದಳು, ಆದರೆ ಅಜ್ಜಿಗೆ ಒಂದು ತೊಂದರೆ: ಕಥೆ ಹೇಳದೆ ಅಡುಗೆ ಮಾಡಲಾರಳು. ಅಕ್ಕ ಅಂಗಡಿಯಲ್ಲಿರುವ ಹೊತ್ತು ನೋಡಿ ಭಾವ ನಮ್ಮ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಅಜ್ಜಿ ಹುಣಸೆ ಕಿವುಚುತ್ತ, ನೀರೊಳಗಿನ ಅರಮನೆಗೆ ಇಳಿದ ತಂಗಿಯ ಕಥೆ ತೆಗೆಯುತ್ತಿದ್ದಳು. ತಂಗಿ ಏಳನೆಯ ಬಾಗಿಲು ತಟ್ಟುವಷ್ಟರಲ್ಲಿ ಭಾವ ಬಾಯಿ ತೆರೆದು ಕೂತಿರುತ್ತಿದ್ದರು, ಬಾಣಲೆಯಲ್ಲಿ ಸಾಸಿವೆ ಇದ್ದಿಲಾಗಿರುತ್ತಿತ್ತು.

"ಅಯ್ಯೋ ಹಾಲಪ್ಪಾ, ಬಾಯಾಗೆ ಹೂಂ ಅನ್ನು, ಕಣ್ಣು ಒಲೆ ಮ್ಯಾಲೆ ಇಡು!"

"ಆಮೇಲೆ ಬಾಗಿಲು ತೆಗೆದ್ರಾ ಅಜ್ಜಿ?"

"ಮೊದ್ಲು ಉಪ್ಪು ಹಾಕು. ಇಲ್ಲಾಂದ್ರೆ ಬಾಗಿಲು ತೆಗೆಯಲ್ಲ."

ಅವರು ಗಾಬರಿಯಲ್ಲಿ ಹಿಡಿಯಷ್ಟು ಉಪ್ಪು ಸುರಿದರು, ಆ ದಿನದ ಸಾರು ಹಿತ್ತಲ ಕರಿಬೇವಿನ ಗಿಡಕ್ಕೆ ಹೋಯಿತು, ಗಿಡ ಬಾಡಿತು. ನಾನು ಅವರ ಹಳೆಯ ಅಡುಗೆಯನ್ನೂ ಒಂದು ದಿನ ರುಚಿ ನೋಡಿದೆ. ಮುದ್ದೆಯೊಳಗೆ ಏನೇನೋ ಹುರಿದ ಕಾಳು, ಬೀಜ, ಮೇಲೆ ತಣ್ಣಗಿನ ಕಾಯಿಹಾಲು. ಹಾಸಿಗೆಯ ತುದಿ ಅಗಿದ ಹಾಗಾಯಿತು. ಭಾವನ ಹೆದರಿಕೆಯಲ್ಲಿ ಸುಳ್ಳಿರಲಿಲ್ಲ. ಒಂದು ವಿಚಿತ್ರ ಮಾತ್ರ ಕಂಡೆ: ಅವರು ಹುರಿದ ಕಾಳನ್ನು ರುಚಿ ನೋಡುತ್ತಿರಲಿಲ್ಲ, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಡೆದು ಸದ್ದು ಕೇಳುತ್ತಿದ್ದರು. ಮುದ್ದೆಯನ್ನು ಮೊಣಕೈಯ ಒಳಭಾಗಕ್ಕೆ ಮುಟ್ಟಿಸಿ ಬಿಸಿ ನೋಡುತ್ತಿದ್ದರು, ಎಳೆಮಗುವಿನ ಸ್ನಾನದ ನೀರು ನೋಡಿದ ಹಾಗೆ. ಇದು ಹಾಸಿಗೆಯವರ ಅಭ್ಯಾಸವಿರಬೇಕೆಂದು ಸುಮ್ಮನಾದೆ. ಸಂತೆಗೆ ಮಾವಿನಕಾಯಿ ಬರುವ ಹೊತ್ತಿಗೆ ಅವರಿಗೆ ಅಜ್ಜಿಯ ಸಾರು ಒಂದು ಕೈಹತ್ತಿತ್ತು. ಅದೊಂದೇ.

ಪರೀಕ್ಷೆಗೆ ಮಂಡಳಿಯಿಂದ ವಾಮನರಾಯರು ಎಂಬ ಅಧಿಕಾರಿ ಬಂದರು. ತೆಳ್ಳಗೆ, ಬಿಳಿ ಪಂಚೆ, ಜೇಬಿನಲ್ಲಿ ಮೂರು ಪೆನ್ನು. ಅಂಗಡಿಯಲ್ಲೇ ಪರೀಕ್ಷೆ. ಬೀದಿಯ ಅರ್ಧ ಜನ ಔಷಧ ಬೇಕಿಲ್ಲದಿದ್ದರೂ ಬಂದು ನಿಂತಿದ್ದರು. ಹಾಲಪ್ಪ ಭಾವ ಎದುರಿನ ಬಳೆ ಅಂಗಡಿಯ ಕಂಬದ ಹಿಂದಿನಿಂದ ಇಣುಕುತ್ತಿದ್ದರು.

ಸೀಸೆಗಳ ಬಗ್ಗೆ, ಅಳತೆಗಳ ಬಗ್ಗೆ ಕೇಳಿ ರಾಯರು ಕೊನೆಗೆ ಹೇಳಿದರು: "ನನಗೆ ಜ್ವರ ಇದೆ ಎಂದುಕೊಳ್ಳಿ. ಜ್ವರದ ಮಾತ್ರೆ ಕೊಂಡೆ. ಮೂಗೂ ಸೋರುತ್ತಿದೆ, ನೆಗಡಿ ಮಾತ್ರೆಯನ್ನೂ ಕೊಡಿ ಎನ್ನುತ್ತೇನೆ. ಕೊಡುತ್ತೀರಾ?"

ನನಗೆ ಉತ್ತರ ಗೊತ್ತಿತ್ತು. "ಕೊಡ್ತೀನಿ" ಎಂದು ಒಂದು ಮಾತು ಹೇಳಿದರೆ ಸಾಕು, ಫೇಲು. ಕಂಬದ ಹಿಂದಿನಿಂದ ಭಾವ ನನ್ನನ್ನೇ ನೋಡುತ್ತಿದ್ದರು. ಅವರ ಸಾರಿನಲ್ಲಿ ಇನ್ನೂ ಒಂದೊಂದು ದಿನ ಉಪ್ಪು ಹೆಚ್ಚುಕಡಿಮೆ ಆಗುತ್ತಿತ್ತು. ಆದರೆ ರಾಯರ ಹಿಂದೆ ನಿಜವಾಗಿಯೂ ಮೂಗು ಒರೆಸಿಕೊಳ್ಳುತ್ತ ಬಳೆ ಅಂಗಡಿಯ ಮುದುಕಿ ನಿಂತಿದ್ದಳು, ನನ್ನ ಮಾತನ್ನೇ ಕಾಯುತ್ತ. ಅವಳನ್ನು ನೋಡಿ ಬಾಯಿ ತಾನಾಗಿ ತೆರೆಯಿತು.

"ಹಂಗೇ ಕೊಡಲ್ಲ. ಎಷ್ಟೋ ನೆಗಡಿ ಮಾತ್ರೆಯೊಳಗೆ ಜ್ವರದ ಔಷಧಾನೇ ಸೇರಿರ್ತೈತೆ. ಎರಡನ್ನೂ ನುಂಗಿದ್ರೆ ನೀವು ಒಂದೇ ಔಷಧಾನ ಎರಡು ಪಟ್ಟು ತಗೊಂಡಂಗೆ. ಲಿವರಿಗೆ ಕೆಟ್ಟದ್ದು. ಮೊದ್ಲು ಎರಡರಲ್ಲೂ ಏನೈತೆ ಓದ್ತೀನಿ, ಆಮೇಲೆ ಯಾವುದು ಸಾಕು ಅಂತ ಹೇಳ್ತೀನಿ. ಕೂತ್ಕಳ್ಳಿ, ನೆಗಡಿ ಯಾವಾಗಿಂದ?"

"ನಿನ್ನೆಯಿಂದ," ಎಂದರು ರಾಯರು ಮೈಮರೆತು. ಜನ ನಕ್ಕರು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಒಂದು ಪೊಟ್ಟಣವನ್ನು ಕಟ್ಟೆಯ ಈಚೆಗೆ ಇಟ್ಟು, ಅದನ್ನು ತಮಗೆ ಕೊಡಲು ಹೇಳಿದರು.

ಕೊಟ್ಟೆ.

ಕಹಿ ಬಂತು. ಬಂತು ಎಂದರೆ, ಮನೆಗೆ ನೆಂಟರು ಬಂದ ಹಾಗಲ್ಲ, ಗೋಡೆ ಬಿದ್ದ ಹಾಗೆ. ನನ್ನ ಮುಖ ಏನೇನಾಯಿತೋ ನನಗೆ ಕಾಣಲಿಲ್ಲ, ಆದರೆ ಮುಂದಿನ ಸಾಲಿನ ಮಗುವೊಂದು ಅಳಲು ಶುರುಮಾಡಿತು. ನನ್ನ ಹಿಂದೆ ನಿಂತಿದ್ದ ಅಕ್ಕ "ಶಿವಾ" ಎಂದು ಹಣೆ ಹಿಡಿದುಕೊಂಡರು.

"ಮುಖಕ್ಕೆ ಈಗ ಅಂಕ ಇಲ್ಲಮ್ಮ," ಎಂದರು ವಾಮನರಾಯರು, ನನ್ನ ಅಂಗೈಗೆ ಮಸಿ ಹಚ್ಚುತ್ತ. "ಹೊಸ ಕಾನೂನಿನಲ್ಲಿ ಬೇಕಾದ ಹಾಗೆ ಕಿವುಚಿಕೊಳ್ಳಬಹುದು. ಮಾತು ಮಾತ್ರ ನಿಲ್ಲಿಸಬೇಡಿ."

ಹೀಗೆ ಗೋಡೆಯ ಮೇಲೆ ಅಕ್ಕನ ಕೈಯ ಪಕ್ಕ ನನ್ನ ಕೈ ಬಂತು. ಮೊದಲ ವಾರ ನನ್ನದೇ ಸರದಿ.

ಕೆಲಸ ನನಗೆ ಹಿಡಿಸಿತು. ಯಾರೋ ತಮ್ಮ ಸೊಂಟದ ಕಥೆ ಹೇಳುತ್ತಾರೆ, ನಾನು ಹೂಂಗುಟ್ಟುತ್ತೇನೆ, ಆಮೇಲೆ ಮಾತ್ರೆಯ ಕಥೆ ನಾನು ಹೇಳುತ್ತೇನೆ, ಅವರು ಹೂಂಗುಟ್ಟುತ್ತಾರೆ. ಸಾಲು ಬೀದಿಯವರೆಗೆ ಬೆಳೆಯುತ್ತಿತ್ತು. "ಅಕ್ಕ ಇದ್ದಾಗ ಕೈ ಚಾಚಿದ್ರೆ ಕೆಲಸ ಆಗ್ತಿತ್ತು, ಇವಳು ಪುರಾಣ ಓದ್ತಾಳೆ," ಎಂದು ಗೊಣಗಿದವರೇ ತಮ್ಮ ಸರದಿ ಬಂದಾಗ ಎರಡು ಪ್ರಶ್ನೆ ಹೆಚ್ಚು ಕೇಳುತ್ತಿದ್ದರು. ಇಷ್ಟು ವರ್ಷ ಊಟಕ್ಕೆ ಮೊದಲು ನುಂಗಬೇಕಾದ್ದನ್ನು ಊಟವಾದ ಮೇಲೆ ನುಂಗುತ್ತಿದ್ದವರು ಊರಲ್ಲಿ ಎಷ್ಟು ಜನ ಎಂದು ಆ ವಾರ ಗೊತ್ತಾಯಿತು.

ಕಷ್ಟವಾದದ್ದು ಊಟ. ಮೊದಲ ದಿನದ ಸಂಭ್ರಮಕ್ಕೆ ಅಜ್ಜಿ ಹೋಳಿಗೆ ಮಾಡಿದ್ದಳು. ತುಪ್ಪ ಸುರಿದು ಕೊಟ್ಟ ಆ ಹೋಳಿಗೆ ನನ್ನ ಬಾಯಲ್ಲಿ ಬೇವಿನ ಹಿಂಡಿಯಾಯಿತು. ಸಿಹಿ ಕಹಿಯನ್ನು ಮುಚ್ಚುತ್ತದೆ ಎಂದುಕೊಂಡಿದ್ದೆ. ಇಲ್ಲ, ಎತ್ತಿ ತೋರಿಸುತ್ತದೆ. ಸಾರು ಇನ್ನೂ ಘೋರ. ಹುಳಿ ಮತ್ತು ಕಹಿ ಒಂದಕ್ಕೊಂದು ಜಡೆ ಹಿಡಿದು ಜಗಳವಾಡುತ್ತಿದ್ದವು. ಎರಡನೆಯ ದಿನ ಬರೀ ಅನ್ನ, ಮೂರನೆಯ ದಿನ ಬರೀ ನೀರು. ಅಜ್ಜಿ ಮುನಿಸಿಕೊಂಡು ಕಥೆಯನ್ನೂ ಅರ್ಧಕ್ಕೆ ನಿಲ್ಲಿಸಿದಳು. "ನನ್ನ ಕೈ ಅಡುಗೆ ಬ್ಯಾಡಾಂದೋಳಿಗೆ ನನ್ನ ಕಥೆ ಯಾಕೆ?" ಎಂದಳು.

ಅಷ್ಟರಲ್ಲಿ ಅಕ್ಕನ ನಾಲಿಗೆ ಮೆಲ್ಲಗೆ ತಿಳಿಯಾಗುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅವರು ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತ ನಿಂತವರು, "ನೀರು ಸಿಹಿ ಐತೆ!" ಎಂದು ಕೂಗಿದರಂತೆ. ಹತ್ತು ಗಂಟೆಗೆ ಅಂಗಡಿಯ ಮುಂದೆ ನಿಂತು, ನನ್ನೆದುರೇ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು, ಇಡೀ ಬೀದಿಗೆ ಕಾಣುವ ಹಾಗೆ ಮುಖ ಕಿವುಚಿದರು. ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು. ಅಕ್ಕನ ಮುಖಕ್ಕೆ ಅಷ್ಟೊಂದು ಗೆರೆಗಳು ಬರುತ್ತವೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಮಧ್ಯಾಹ್ನ ನಮ್ಮನೇಗೆ ಬಾ ಉಣ್ಣೋಕೆ," ಎಂದರು ನನಗೆ. "ಅಂಗಡಿಯ ಎರಡು ಕೈನೂ ಒಟ್ಟಿಗೆ ಒಂದು ತಟ್ಟೆಗೆ ಬೀಳಲಿ. ನಮ್ಮನೇರು ಬೆಳಿಗ್ಗೆಯಿಂದ ಅಡುಗೆಮನೆ ಬಾಗಿಲು ಹಾಕ್ಕೊಂಡು ಕೂತವ್ರೆ, ಏನು ಮಾಡ್ತವ್ರೋ."

ಏನು ಮಾಡುತ್ತಿದ್ದರೆಂದು ನನಗೆ ಗೊತ್ತಿತ್ತು.

ಮಧ್ಯಾಹ್ನ ಊಟದ ಹೊತ್ತಿನ ಬಿಡುವಿಗೆ ಅಂಗಡಿಯ ಅರ್ಧ ಬಾಗಿಲು ಎಳೆದು ಹೋದೆವು. ಭಾವ ಮೀಸೆ ಬಾಚಿ, ತೊಳೆದ ಅಂಗಿ ಹಾಕಿದ್ದರು. ಅಕ್ಕನಿಗೆ ಬಡಿಸಿದರು, ನನಗೆ ಬಡಿಸಿದರು, ತಾವು ಕೂರದೆ ಸೌಟು ಹಿಡಿದು ಬಾಗಿಲ ಹತ್ತಿರ ನಿಂತರು. ಅಕ್ಕ ಅನ್ನದಲ್ಲಿ ಗುಳಿ ಮಾಡಿ ಸಾರು ಕಲಸಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಕಣ್ಣಿನ ಬದಿಯಿಂದ ನೀರು ಇಳಿಯಿತು.

"ಹುಣಸೆ ಹಣ್ಣು," ಎಂದರು. "ಜೀರಿಗೆ... ಇಂಗು." ಕಳೆದುಹೋಗಿ ಸಿಕ್ಕ ಮಕ್ಕಳ ಹೆಸರು ಕರೆದ ಹಾಗೆ ಒಂದೊಂದನ್ನೇ ಕರೆದರು. ಆಮೇಲೆ ಕಣ್ಣು ತೆರೆದು, "ಚೆನ್ನಾಗೈತೆ ಕಣ್ರೀ," ಎಂದರು.

ಭಾವನ ಮುಖ ಬೆಳಗಬೇಕಿತ್ತು. ಇಳಿದುಹೋಯಿತು. ನನಗೆ ಮಾತ್ರ ಏಕೆಂದು ಅರ್ಥವಾಯಿತು. ಅದೇ ಮಾತು, ಅದೇ ಸ್ವರ. ಇದು ಚೆನ್ನಾಗಿದ್ದರೆ ಅದು ಏನಾಗಿತ್ತು?

ನಾನು ತಟ್ಟೆ ಮುಟ್ಟಿರಲಿಲ್ಲ. ವಾಸನೆಗೇ ದವಡೆ ಬಿಗಿಯುತ್ತಿತ್ತು. ಹಸಿವಿಗೆ ಕಣ್ಣು ಮಂಜಾಗುತ್ತಿತ್ತು. ಭಾವ ನನ್ನ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಒಳಗೆ ಹೋಗಿ ಒಲೆಯ ಹಿಂದೆ ಬೆಚ್ಚಗಿದ್ದ ಒಂದು ಮುಚ್ಚಿದ ಪಾತ್ರೆ ತಂದು, ಮೇಲೆ ತಣ್ಣಗಿನ ಕಾಯಿಹಾಲು ಸುರಿದರು.

"ಬೆಳಿಗ್ಗೆ ಎದ್ದು ಕೈ ತಾನಾಗೇ ಮಾಡ್ಬಿಟ್ಟಿತ್ತು," ಎಂದರು ನೆಲ ನೋಡುತ್ತ. "ಬೆಕ್ಕಿಗೆ ಹಾಕಾನ ಅಂತ ಮುಚ್ಚಿಟ್ಟಿದ್ದೆ. ಏನೂ ಇಲ್ಲ ಅದರಾಗೆ. ಬೇಕಾದ್ರೆ ಒಂದು ತುತ್ತು ನೋಡು ತಾಯಿ."

ಅದು ನಾನು ಹಿಂದೆ ಒಮ್ಮೆ ಬಾಯಿಗಿಟ್ಟು ಹಾಸಿಗೆಯ ತುದಿ ಎಂದುಕೊಂಡದ್ದೇ. ಒಂದು ತುತ್ತು ಮುರಿದೆ. ಮೊದಲು ಮುದ್ದೆಯ ಬಿಸಿ, ಸುಡದಷ್ಟು, ಬೆನ್ನಿಗೆ ಬಿಸಿಲು ಕಾಸಿಕೊಂಡ ಹಾಗೆ. ಅದರ ಮೇಲಿನಿಂದ ತಣ್ಣನೆಯ ಕಾಯಿಹಾಲು ಹರಿದು ಬಂತು. ಆಮೇಲೆ ಹುರಿದ ಕಾಳು ಹಲ್ಲಿನ ನಡುವೆ ಒಡೆಯಿತು, ಚಿಟ್ ಎಂದು, ತಲೆಯೊಳಗೆಲ್ಲ ಕೇಳುವ ಹಾಗೆ. ಅದು ಮುಗಿಯುವುದರೊಳಗೆ ಇನ್ನೊಂದು, ಬೇರೆ ಸದ್ದಿನದು. ಕಹಿ ಅಲ್ಲೇ ಕೂತಿತ್ತು. ಆದರೆ ಅದಕ್ಕೆ ಜಗಳವಾಡಲು ಯಾರೂ ಸಿಗಲಿಲ್ಲ. ಮೂಲೆಯಲ್ಲಿ ಕೂತು ನನ್ನ ಊಟ ನೋಡುತ್ತಿತ್ತು. ಮೂರು ದಿನಗಳಲ್ಲಿ ಮೊದಲ ಸಲ ನನ್ನ ಬಾಯಿ ನನ್ನದಾಯಿತು. ಮತ್ತೆ ಮುರಿದೆ, ಮತ್ತೆ. ತಲೆ ಎತ್ತಿದಾಗ ಪಾತ್ರೆಯ ತಳ ಕಾಣುತ್ತಿತ್ತು, ಅಕ್ಕ ಕೈ ಚಾಚಿ ಕೊನೆಯ ತುಂಡು ಎತ್ತಿಕೊಂಡಿದ್ದರು.

"ಬ್ಯಾಡ ಮಂಗಳಾ!" ಎಂದರು ಭಾವ.

ಅಕ್ಕ ಅಗಿದರು. ಅಗಿಯುತ್ತಲೇ ಇದ್ದರು. ಅವರ ಮುಖ, ಬೆಳಿಗ್ಗೆಯಿಂದ ಕಟ್ಟು ಬಿಚ್ಚಿಕೊಂಡದ್ದು, ಏನನ್ನೂ ಮುಚ್ಚಿಡಲಿಲ್ಲ.

"ಇದರಾಗೆ ಏನೂ ಇಲ್ಲ!" ಎಂದರು ಬೆರಗಿನಿಂದ. "ಉಪ್ಪಿಲ್ಲ, ಹುಳಿ ಇಲ್ಲ. ಎಮ್ಮೆ ಮುಂದಿನ ಹುಲ್ಲು ತಿಂದಂಗೈತೆ. ಇಷ್ಟು ವರ್ಷ ನಾನು ಇದನ್ನ ತಿಂದೆನೇನ್ರೀ?"

"ಅದನ್ನೇ ತಿಂದೆ," ಎಂದರು ಭಾವ. ಸೌಟನ್ನು ಮೆಲ್ಲಗೆ ಕೆಳಗಿಟ್ಟರು. "ಚೆನ್ನಾಗೈತೆ ಅಂತಿದ್ದೆ."

"ಚೆನ್ನಾಗಿತ್ತು."

"ಬಿಡು ಮಂಗಳಾ. ನನಗೋಸ್ಕರ ಅಂತಿದ್ದೆ."

"ನೋಡ್ರೀ ಇವಳನ್ನ," ಎಂದರು ಅಕ್ಕ, ನನ್ನ ಕಡೆ ಕೈ ತೋರಿಸಿ. "ಇವಳೂ ನಿಮಗೋಸ್ಕರ ಪಾತ್ರೆ ನೆಕ್ಕಿದ್ಲಾ? ನಾನೂ ಹಿಂಗೇ ತಿಂತಿದ್ದೆ. ಹೇಳೇ ಕುಮುದಾ, ಹೆಂಗಿತ್ತು? ನಿಂಗೆ ಈಗ ಮಾತಾಡೋಕೆ ಲೈಸೆನ್ಸ್ ಐತಲ್ಲ."

ನಾನು ಹೇಳಿದೆ. ಬಿಸಿಲು, ಕಾಯಿಹಾಲು, ತಲೆಯೊಳಗಿನ ಚಿಟ್ ಸದ್ದು, ಮೂಲೆಯಲ್ಲಿ ಕೂತ ಕಹಿ, ಎಲ್ಲ ಹೇಳಿದೆ. ಭಾವ ನಿಧಾನವಾಗಿ ಬಂದು ನನ್ನೆದುರು ಕೂತರು. ಅಜ್ಜಿಯ ಕಥೆಗೂ ಅವರು ಅಷ್ಟು ಹತ್ತಿರ ಕೂತಿರಲಿಲ್ಲ.

"ಆ ಕಹಿ ಎಲ್ಲಿ ಕೂರ್ತೈತೆ ತಾಯಿ? ತುದೀಲೋ, ಬುಡದಾಗೋ?"

"ಬುಡದಾಗೆ," ಎಂದವರು ಅಕ್ಕ. "ಎಡಗಡೆ ಸ್ವಲ್ಪ ಜಾಸ್ತಿ. ಸಂಜೆ ಹೊತ್ತಿಗೆ ಮೇಲ್ದವಡೆಗೂ ಏರ್ತೈತೆ. ನೀವು ಯಾವತ್ತೂ ಕೇಳ್ಲೇ ಇಲ್ಲವಲ್ರೀ."

"ನೀನು ಹಂಗೆ ಮುಖ ಹಿಡ್ಕೊಂಡು ಕೂತಿದ್ರೆ ಹೆಂಗೆ ಕೇಳ್ಲಿ? ಏನೂ ಇಲ್ಲವೇನೋ ಅನ್ಸೋದು."

"ಅಂಗಡಿ ಬಾಗಿಲು ಹಾಕಿದ್ರೂ ಮುಖದ ಬಾಗಿಲು ತೆಗೆಯೋದು ಮರೆತು ಹೋಗಿತ್ತು," ಎಂದು ಅಕ್ಕ ನಕ್ಕರು. ತಾವೇ ಸೌಟು ಎತ್ತಿ ಮತ್ತೊಮ್ಮೆ ಸಾರು ಸುರಿದುಕೊಂಡರು. "ಹಸಿ ಸೌತೆಕಾಯಿ ಮೇಲೆ ಹುರಿದ ಅಗಸೆ ಪುಡಿ ಹಾಕ್ತಿದ್ರಲ್ಲ, ಅದಂತ್ರೂ ಮಧ್ಯಾಹ್ನ ಆಗೋದನ್ನೇ ಕಾಯೋ ಹಂಗೆ ಮಾಡ್ತಿತ್ತು. ಬಿಸಿ ಅವಲಕ್ಕಿ, ಅದೂನೂ."

ಭಾವ ತಲೆ ಆಡಿಸಿದರು, ಆದರೆ ಮನಸ್ಸು ಇನ್ನೂ ಒಪ್ಪಿರಲಿಲ್ಲ. ಮೆಚ್ಚುವ ಮಾತು ಎಷ್ಟು ಕೇಳಿದ್ದರೋ, ಎಲ್ಲದರ ಮೇಲೂ ಅವರಿಗೆ ಅನುಮಾನ. "ಬೆಂಡೆಕಾಯಿ?" ಎಂದು ಕೇಳಿದರು. "ವಾರಕ್ಕೆ ಎರಡು ದಿನ ಮಾಡ್ತಿದ್ನಲ್ಲ. ಬೇಯಿಸಿ, ಮೆತ್ತಗೆ ಹಿಸುಕಿ. ನಾಲಿಗೆಗೆ ತಂಪಾಗ್ಲಿ ಅಂತ."

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತು. ಅವರು ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ಮುಖ ಹಿಡಿಯಲು ಒಂದು ಕ್ಷಣ ಪ್ರಯತ್ನಪಟ್ಟರು, ಆಗಲಿಲ್ಲ. ಮೂಗು, ಹುಬ್ಬು, ತುಟಿ, ಎಲ್ಲ ಒಂದೇ ಕಡೆ ಓಡಿಬಂದು ಮುದ್ದೆಯಾದವು.

"ಥೂ," ಎಂದರು. "ಅದೊಂದು ಬ್ಯಾಡಾಗಿತ್ತು ಕಣ್ರೀ. ಕಪ್ಪೆ ನುಂಗಿದಂಗೆ ಆಗ್ತಿತ್ತು. ಆ ದಿನ ಬುತ್ತಿ ಮುಚ್ಚಳ ತೆಗೆಯೋಕೇ ಜೀವ ಬರ್ತಿರಲಿಲ್ಲ."

ಹಾಲಪ್ಪ ಭಾವ ಅವರನ್ನೇ ನೋಡುತ್ತ ಕೂತರು. ಮೊದಲು ಮೀಸೆ ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಮೈ ನಗೆಯಲ್ಲಿ ಕುಲುಕಿತು. ಇಷ್ಟು ವರ್ಷಗಳಲ್ಲಿ ಒಂದು ಅಡುಗೆ ಕೆಟ್ಟಿತ್ತು. ಒಂದು ಕೆಟ್ಟಿದ್ದರೆ, ಉಳಿದದ್ದೆಲ್ಲ ಚೆನ್ನಾಗಿತ್ತು.

"ಇನ್ನೊಂದು ಸಲ ಹೇಳು," ಎಂದರು ಹೆಂಡತಿಗೆ, ಕಣ್ಣು ಒರೆಸಿಕೊಳ್ಳುತ್ತ. "ಕಪ್ಪೆ ನುಂಗಿದಂಗೆ?"

"ಬದುಕಿರೋ ಕಪ್ಪೆ," ಎಂದರು ಅಕ್ಕ.